ಯಾರಿಗೂ ಸಹಾಯ ಮಾಡದ ನಮ್ಮ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಯಾರಿಗೂ ಸಹಾಯ ಮಾಡುವವಳಲ್ಲ. ಇದನ್ನು ಚಾಡಿ ಎಂದುಕೊಳ್ಳಬೇಡಿ. ಅವಳ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ, ಅವಳು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಾಳೆ. ನೀವು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದೀರಿ ಅನ್ನಿ. ಬೇರೆ ಯಾರಾದರೂ ಆದರೆ ಜಾಡಿ ಇಸಿದುಕೊಂಡು ತೆಗೆದುಕೊಡುತ್ತಾರೆ, ಅಲ್ಲವೇ? ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಕ್ರಿಕೆಟ್ ಮ್ಯಾಚ್ ನೋಡುವವರ ಹಾಗೆ ನಿಮ್ಮ ಮಣಿಕಟ್ಟನ್ನೇ ನೋಡುತ್ತಾಳೆ. ಬಹಳ ಹೊತ್ತಾದ ಮೇಲೆ ಒಂದು ಒದ್ದೆ ಬಟ್ಟೆ ಕೊಟ್ಟು, ಇದನ್ನು ಸುತ್ತಿ ತಿರುಗಿಸು ಎನ್ನುತ್ತಾಳೆ. ಅವಳ ಉಪಕಾರ ಅಲ್ಲಿಗೆ ಮುಗಿಯಿತು.

ಡಿಗ್ರಿ ಓದಲು ತಿಪಟೂರಿನಿಂದ ಬಂದ ನಾನು ಕೆಲಸ ಸಿಕ್ಕ ಮೇಲೂ ರಾಜಾಜಿನಗರದ ಅವರ ಮನೆಯಲ್ಲೇ ಉಳಿದವಳು. ನಾನು ಬಂದ ವರ್ಷವೇ ಚಿಕ್ಕಪ್ಪ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವರು ಊಟದ ಮೇಜಿಗೆ ಕೂತು, ಹೆಂಡತಿ ತುತ್ತು ಕೊಡುತ್ತಾಳೆಂದು ಬಾಯಿ ತೆರೆದೇ ಬಿಟ್ಟರು. ಚಿಕ್ಕಮ್ಮ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಚಮಚದ ಹಿಡಿಗೆ ಸುತ್ತಿ ಅವರ ಎಡಗೈಗೆ ಕೊಟ್ಟು, ತಾನು ಊಟಕ್ಕೆ ಕೂತಳು. ಮೊದಲ ಕೆಲವು ದಿನ ಸಾರು ಅಂಗಿಗೇ ಹೋಯಿತು. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಚಿಕ್ಕಪ್ಪ ಎಡಗೈಯಲ್ಲಿ ಕೇರಂ ಆಡಿ ನನ್ನನ್ನು ಸೋಲಿಸುತ್ತಿದ್ದರು. ಬಲಗೈಯಲ್ಲಿ ಅವರು ಯಾವತ್ತೂ ಗೆದ್ದವರಲ್ಲ!

ಚಿಕ್ಕಮ್ಮ ಆಕ್ಯುಪೇಷನಲ್ ಥೆರಪಿಸ್ಟ್. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಬೀದಿಯಲ್ಲಿ ಆ ಹೆಸರನ್ನು ಪೂರ್ತಿ ಹೇಳಬಲ್ಲವರು ಅವಳೊಬ್ಬಳೇ. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಹುಟ್ಟಿನಿಂದಲೋ ಕೈಕಾಲು, ಮನಸ್ಸು ಮಾತು ಕೇಳದವರಿಗೆ ಉಣ್ಣುವುದು, ಉಡುವುದು, ಆಡುವುದು, ದುಡಿಯುವುದು ಮತ್ತೆ ಬರುವ ಹಾಗೆ ಮಾಡುವುದು ಅವಳ ಕಸುಬು. ಆದರೆ ಆಕ್ಯುಪೇಷನ್ ಎಂದರೆ ಉದ್ಯೋಗ ಎಂದಷ್ಟೇ ಗೊತ್ತಿದ್ದ ಎದುರುಮನೆಯವರು, ಬಿ.ಕಾಂ. ಮುಗಿಸಿದ ಮಗನನ್ನು ತಲೆ ಬಾಚಿಸಿ ಕರೆದುಕೊಂಡು ಬಂದರು. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಎಲ್ಲಾದರೂ ಸೇರಿಸಿ ಎಂಬ ಬೇಡಿಕೆ. ಚಿಕ್ಕಮ್ಮ ಹುಡುಗನಿಂದ ಹೆಸರು ಬರೆಸಿದಳು. ಪೆನ್ನನ್ನು ಅವನು ಚಾಕು ಹಿಡಿದ ಹಾಗೆ ಹಿಡಿದಿದ್ದ. ಬೆರಳಿಗೆ ಬಲ ಬರಲಿ ಎಂದು ಒಂದು ಮುದ್ದೆ ಜೇಡಿಮಣ್ಣು ಕೊಟ್ಟು ಕಳಿಸಿದಳು. "ಕೆಲಸ ಕೊಡ್ಸಮ್ಮ ಅಂದ್ರೆ ಮಣ್ಣು ಕೊಟ್ಲು" ಎಂದು ಅವರು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಆಗ ಅವಳು ಒಂದು ದೊಡ್ಡ ಆಸ್ಪತ್ರೆಯಲ್ಲಿದ್ದಳು. ನೆಲಮಾಳಿಗೆಯಲ್ಲಿ, ಜನರೇಟರಿನ ಪಕ್ಕದ ಕೋಣೆ. ರೋಗಿಗಳು ಒಬ್ಬರಾದ ಮೇಲೊಬ್ಬರು ಬಂದು ಹಲಗೆಯ ತೂತುಗಳಿಗೆ ಮರದ ಗೂಟ ಸಿಕ್ಕಿಸಬೇಕು, ತೆಗೆಯಬೇಕು, ಮತ್ತೆ ಸಿಕ್ಕಿಸಬೇಕು. ಕೆಂಗೇರಿಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದ ಒಬ್ಬರು ಪಾರ್ಶ್ವವಾಯು ಹೊಡೆದು ಅಲ್ಲಿಗೆ ಬರುತ್ತಿದ್ದರು. ಗೂಟ ಮುಟ್ಟಲೊಲ್ಲರು. ದಿನವೂ ಮುಖ ಗೋಡೆಗೆ ತಿರುಗಿಸಿ ಕೂರುವರು. ಒಂದು ಬೆಳಗ್ಗೆ ಚಿಕ್ಕಮ್ಮ ಮನೆಯಿಂದ ಗೋಧಿಹಿಟ್ಟು ಕಲಸಿಕೊಂಡು ಹೋಗಿ ಅವರ ಮುಂದಿಟ್ಟಳು. ಅವರು ಸ್ವಲ್ಪ ಹೊತ್ತು ಹಿಟ್ಟನ್ನು ನೋಡಿದರಂತೆ. ಆಮೇಲೆ ಚೆನ್ನಾಗಿದ್ದ ಕೈಯಿಂದ ಒಮ್ಮೆ ಒತ್ತಿ, "ಏನಮ್ಮಾ ಇಷ್ಟು ನೀರ್ ಹಾಕಿದೀರಾ" ಎಂದು ಬೈದು, ಬಿದ್ದುಹೋಗಿದ್ದ ಕೈಯನ್ನು ತಾವೇ ಎತ್ತಿ ಹಿಟ್ಟಿನ ಮೇಲಿಟ್ಟುಕೊಂಡರು.

ಅಲ್ಲಿಗೆ ನಿಲ್ಲಿಸಿದ್ದರೆ ಅವಳು ನಮ್ಮ ಚಿಕ್ಕಮ್ಮ ಹೇಗಾಗುತ್ತಿದ್ದಳು? ಮರುವಾರ ಸ್ಟವ್ವು ಬಂತು, ಬಾಣಲೆ ಬಂತು. ನೆಲಮಾಳಿಗೆಯಿಂದ ಪೂರಿಯ ವಾಸನೆ ಲಿಫ್ಟಿನೊಳಗೆ ಹೊಕ್ಕು ಎಲ್ಲ ವಾರ್ಡುಗಳಿಗೂ ಹೋಯಿತು. ಉಪವಾಸ ಇರಬೇಕಾದವರೂ ಸಾಗು ಇದೆಯೇ ಎಂದು ಕೇಳಿ ಕಳಿಸಿದರು. ಮೇಲಿನವರು ಕರೆದು, ಇದು ಆಸ್ಪತ್ರೆ, ಹೋಟೆಲಲ್ಲ ಎಂದರು. "ಸಾರ್, ಅವರು ವಾಪಸ್ ಹೋಗ್ಬೇಕಾಗಿರೋದು ಹೋಟ್ಲಿಗೇ" ಎಂದಳಂತೆ ಚಿಕ್ಕಮ್ಮ. ಆ ತಿಂಗಳೇ ಕೆಲಸ ಬಿಟ್ಟಳು.

ಮುಂದಿನದು ವಿಜಯನಗರ. ಸೀರೆ ಅಂಗಡಿಯೊಂದರ ಹಿಂದಿನ ಮನೆಯ ನೆಲಮಹಡಿಯನ್ನು ಬಾಡಿಗೆಗೆ ಹಿಡಿದು ಬೋರ್ಡು ಹಾಕಿದಳು. ಅಲ್ಲಿ ಅವಳ ಕಾನೂನು ಒಂದೇ: ಮಕ್ಕಳು, ಮುದುಕರು, ಮಾತು ಬಾರದವರು, ಮಾತು ನಿಲ್ಲಿಸದವರು ಎಲ್ಲರೂ ಒಂದೇ ಕೋಣೆಯಲ್ಲಿ ಕೂರಬೇಕು. ಜೊತೆಗೆ ಬಂದ ಗಂಡಂದಿರು, ಸೊಸೆಯಂದಿರು, ಅಜ್ಜಿಯರು ಹೊರಗೆ ಪೇಪರು ಓದುತ್ತಾ ಕೂರುವ ಹಾಗಿಲ್ಲ. ಅವರನ್ನೂ ಒಳಗೆ ಎಳೆದು, ರಾತ್ರಿ ನಿದ್ದೆ ಬರುತ್ತದೆಯೇ, ಮನೆಯಲ್ಲಿ ಜಗಳ ಯಾವುದಕ್ಕೆ ಎಂದೆಲ್ಲ ವಿಚಾರಿಸುವಳು. ಮಂಡಿನೋವಿಗೆ ಬಂದವರ ಮನೆಯ ಅಡುಗೆ ಕಟ್ಟೆಯ ಎತ್ತರ ನೋಡಲು ಅವಳ ಹಳೆಯ ಸ್ಕೂಟರಿನಲ್ಲಿ ನಾನೂ ಬಸವೇಶ್ವರನಗರದ ತನಕ ಹೋಗಿದ್ದೇನೆ. ಅಳತೆ ಟೇಪು ಹಿಡಿದವಳು ನಾನು. ಕಾಫಿ ಕುಡಿದವಳು ಅವಳು.

ಅಲ್ಲಿಗೆ ಬರುತ್ತಿದ್ದ ಒಬ್ಬ ನಿವೃತ್ತ ಅಧಿಕಾರಿಗೆ ಈ ಸಂತೆ ಹಿಡಿಸಲಿಲ್ಲ. "ಇಂಥ ಮಕ್ಕಳ ಜೊತೆ ನನ್ನನ್ನ ಯಾಕಮ್ಮ ಕೂರಿಸ್ತೀರಿ" ಎಂದು ಕೇಳಿದರು. ಚಿಕ್ಕಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುವ ಐದು ವರ್ಷದ ಒಂದು ಹುಡುಗಿಯನ್ನು ಅವರ ಎದುರಿಗೆ ಕೂರಿಸಿ ಒಂದು ಬುಟ್ಟಿ ಬಟ್ಟೆಯ ಚೆಂಡು ಕೊಟ್ಟಳು. ಅವಳಿಗೆ ಎಸೆಯುವುದು ಬೇಕಿತ್ತು, ಇವರ ಕೈಗೆ ಹಿಡಿಯುವುದು ಬೇಕಿತ್ತು. ಮೊದಮೊದಲು ಚೆಂಡೆಲ್ಲ ಸಾಹೇಬರ ಕನ್ನಡಕಕ್ಕೇ ಬಿತ್ತು. ತಿಂಗಳು ಕಳೆಯುವುದರೊಳಗೆ ಇಬ್ಬರೂ ಲೆಕ್ಕ ಇಟ್ಟುಕೊಂಡು ಆಡುತ್ತಿದ್ದರು. ಮೋಸ ಮಾಡುತ್ತಿದ್ದವರು ಯಾರು ಎಂದು ಕೇಳುತ್ತೀರಾ? ಸಾಹೇಬರೇ!

ಇಷ್ಟರಲ್ಲಿ ಮೇಲಿನ ಮನೆಯ ಓನರ್ ಒಂದು ಸಂಜೆ ಇಳಿದು ಬಂದರು. ಅವರ ಮಗಳಿಗೆ ಸಂಬಂಧ ನೋಡುತ್ತಿದ್ದರಂತೆ. ಗಂಡಿನ ಕಡೆಯವರು ಬಂದಾಗ ಗೇಟಿನಲ್ಲಿ ಇಂಥವರೆಲ್ಲ ಕಂಡರೆ ಏನೆಂದುಕೊಂಡಾರು? ಬಹಳ ಮರ್ಯಾದೆಯಿಂದ, ಕೈಮುಗಿದೇ, ಮನೆ ಖಾಲಿ ಮಾಡಿ ಎಂದರು. ಯಾರ ಜೊತೆಯಾದರೂ ವಾದಕ್ಕೆ ನಿಲ್ಲುವ ಚಿಕ್ಕಮ್ಮ ಅವತ್ತು ಸ್ಟೂಲು ಹತ್ತಿ ಬೋರ್ಡು ಕಳಚಿದಳು. ಆಮೇಲೆ ನೋಡಿದ ಮನೆಗಳಲ್ಲೂ ಕಾರಣ ಬೇರೆ, ಉತ್ತರ ಅದೇ. ತೂಗುಹಗ್ಗ, ಚೆಂಡಿನ ಬುಟ್ಟಿ, ಮರದ ಹಲಗೆಗಳೆಲ್ಲ ನಮ್ಮ ಹಾಲಿಗೆ ಬಂದು ಬಿದ್ದವು. ಅವಳು ಅವುಗಳ ನಡುವೆ ಕೂತು ಹಳೇ ಆಸ್ಪತ್ರೆಗೆ ಫೋನು ಮಾಡಿ, ಕೆಲಸ ಖಾಲಿ ಇದೆಯೇ ಎಂದು ವಿಚಾರಿಸಿದ್ದನ್ನು ನಾನೂ ಚಿಕ್ಕಪ್ಪನೂ ಕೇಳಿಸಿಕೊಂಡೆವು.

ಹೇರೋಹಳ್ಳಿಯಲ್ಲಿ ಚಿಕ್ಕಪ್ಪ ಚಿಕ್ಕಮ್ಮನದು ಒಂದು ಚಿಕ್ಕ ಸೈಟು. ಅದರಲ್ಲಿ ಬಾಡಿಗೆಗೆಂದು ಕಟ್ಟಿಸಿದ್ದ ಮನೆಗೆ ಸುಣ್ಣ ಹೊಡೆಯುವುದಷ್ಟೇ ಬಾಕಿ ಇತ್ತು. ಹೆಂಡತಿಯ ಕಸುಬನ್ನು ದಿನವೂ ಗೇಲಿ ಮಾಡುತ್ತಿದ್ದ ಚಿಕ್ಕಪ್ಪ ಬೀಗದ ಕೈ ತಂದು ಅವಳ ಮುಂದಿಟ್ಟರು. "ಬಾಡಿಗೆಗೆ ಬೇರೆಯವ್ರು ಬೇಡ. ನೀನೇ ಹೋಗು. ನಿನ್ನ ಯಾರೂ ಖಾಲಿ ಮಾಡ್ಸಲ್ಲ" ಎಂದರು. ಚಿಕ್ಕಮ್ಮ ಬೀಗದ ಕೈ ತೆಗೆದುಕೊಂಡು, ಮುಂಬಾಗಿಲಿನ ಹೊಸ್ತಿಲು ತೆಗೆಸಬೇಕಾಗುತ್ತದೆ, ವೀಲ್‌ಚೇರು ಹತ್ತುವುದಿಲ್ಲ ಎಂದಳು. ಥ್ಯಾಂಕ್ಸ್ ಹೇಳುವ ಪದ್ಧತಿ ನೋಡಿ!

ಹೇರೋಹಳ್ಳಿ ಆಗ ಅರ್ಧ ಹಳ್ಳಿ, ಅರ್ಧ ಇಟ್ಟಿಗೆ ರಾಶಿ. ಆಟೋದವರು ಮೇನ್ ರೋಡಿನಲ್ಲೇ ಇಳಿಸಿ ಹೊರಟುಹೋಗುವರು. ಗುಂಡಿ ಬಿದ್ದ ದಾರಿಯಲ್ಲಿ ರೋಗಿಗಳು ತಡವರಿಸಿಕೊಂಡು ಬಂದರೆ, ಅರ್ಧ ವ್ಯಾಯಾಮ ರಸ್ತೆಯಲ್ಲೇ ಆಯಿತಲ್ಲ ಎಂದು ಚಿಕ್ಕಮ್ಮನಿಗೆ ಖುಷಿ. ಪಕ್ಕದ ಸೈಟಿನ ಮರಳುರಾಶಿಗೆ ಮಕ್ಕಳನ್ನು ಇಳಿಸುವಳು. ಮೇಸ್ತ್ರಿ ಬೆಳಗ್ಗೆ ಬಂದು, ಚೆದುರಿದ ಮರಳು ನೋಡಿ ಬೀದಿನಾಯಿಗಳನ್ನು ಬೈಯುವನು. ಅವರೆಕಾಯಿ ಕಾಲ ಬಂದರೆ ಊರಿನ ಗೌಡರ ಮನೆಯ ಅಜ್ಜಿ ನೆನೆಸಿದ ಅವರೆಕಾಳಿನ ಪಾತ್ರೆ ಹೊತ್ತು ತಂದು ನಡುವೆ ಇಡುವರು. ಎಲ್ಲರೂ ಸುತ್ತ ಕೂತು ಬೆರಳಲ್ಲಿ ಒತ್ತಿ ಒತ್ತಿ ಸಿಪ್ಪೆ ಬಿಡಿಸುವರು. ಬೆರಳಿಗೆ ಅದಕ್ಕಿಂತ ಒಳ್ಳೆಯ ಕಸರತ್ತು ಉಂಟೇ? ಗೌಡರ ಮನೆಯಲ್ಲಿ ಆ ಚಳಿಗಾಲವೆಲ್ಲ ಹಿತಕಿದಬೇಳೆ ಸಾರು, ಸಿಪ್ಪೆ ಬಿಡಿಸುವ ಕಷ್ಟವೇ ಇಲ್ಲದೆ! ಒಂದು ಪಾಲು ನಮ್ಮ ಮನೆಗೂ ಬರುತ್ತಿತ್ತು; ಅದರ ರುಚಿ ಈಗಲೂ ನಾಲಿಗೆಯ ಮೇಲಿದೆ.

ನನ್ನ ನಿಶ್ಚಿತಾರ್ಥ ರಾಜಾಜಿನಗರದ ಆ ಮನೆಯಲ್ಲೇ ಆಗುವುದಿತ್ತು. ಅಪ್ಪ ಅಮ್ಮ ತಿಪಟೂರಿನಿಂದ ಬಂದಿದ್ದರು. ಅವತ್ತು ಬೆಳಗ್ಗೆ ಚಿಕ್ಕಮ್ಮ, ಒಂದು ಮಗುವನ್ನು ನೋಡಿ ಅರ್ಧ ಗಂಟೆಯಲ್ಲಿ ಬರುತ್ತೇನೆಂದು ಹೋದವಳು ಮಧ್ಯಾಹ್ನ ಊಟದ ಹೊತ್ತಾದರೂ ಪತ್ತೆ ಇಲ್ಲ. ಫೋನು ಮಾಡಿದರೆ ಎಂಗೇಜು. ಗಂಡಿನ ಕಡೆಯವರು ಸಂಜೆ ಬರುತ್ತಾರೆ, ಮನೆಯ ಯಜಮಾನಿಯೇ ಇಲ್ಲ! ಗಂಡಸರೆಲ್ಲ ಶಾಮಿಯಾನದವರ ಜೊತೆ ಜಗಳದಲ್ಲಿದ್ದರು. ಅರ್ಧ ಹೆಣೆದ ಜಡೆಯಲ್ಲೇ, ಸಿಟ್ಟಿನಲ್ಲಿ ಕುದಿಯುತ್ತಾ ನಾನೇ ಚಿಕ್ಕಪ್ಪನ ಸ್ಕೂಟರು ಹತ್ತಿ ಹೇರೋಹಳ್ಳಿಗೆ ಹೋದೆ.

ಬಾಗಿಲು ತೆರೆದೇ ಇತ್ತು. ಫೋನಿನ ರಿಸೀವರನ್ನು ಕೆಳಗಿಟ್ಟು ಟವೆಲು ಮುಚ್ಚಿದ್ದರು. ಚಿಕ್ಕಮ್ಮ ಗೋಡೆಗೊರಗಿ, ಕಾಲು ನೀಡಿ ನೆಲದ ಮೇಲೆ ಕೂತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಪುಟ್ಟ ಹುಡುಗಿಯೊಬ್ಬಳು ಮಲಗಿದ್ದಳು. ಗದಗದ ಕಡೆಯಿಂದ ಬಂದು ಅಲ್ಲೇ ಹಿಂದಿನ ಬೀದಿಯಲ್ಲಿ ಮನೆ ಮಾಡಿದ್ದವರ ಮಗು. ಯಾರು ಮುಟ್ಟಿದರೂ ಬೆಂಕಿ ತಾಗಿದ ಹಾಗೆ ಚೀರುತ್ತಿತ್ತು. ರಾತ್ರಿ ನಿದ್ದೆಯೆಂಬುದೇ ಇರಲಿಲ್ಲ. ತಿಂಗಳುಗಟ್ಟಲೆ ಚಿಕ್ಕಮ್ಮ ಅದನ್ನು ಮುಟ್ಟದೆ, ಕರೆಯದೆ, ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದಳು ಎಂದು ಕೇಳಿದ್ದೆ. ಅವತ್ತು ಮಗು ತಾನಾಗಿ ನಡೆದು ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟಿತ್ತು. ಆಚೆ ಬದಿಯ ಚಾಪೆಯಲ್ಲಿ ಅದರ ತಾಯಿ, ಕೂತಲ್ಲೇ ಉರುಳಿದವಳಂತೆ ಮಲಗಿದ್ದಳು.

"ಚಿಕ್ಕಮ್ಮ, ಅವ್ರೆಲ್ಲಾ ಬರೋ ಹೊತ್ತಾಯ್ತು" ಎಂದೆ, ಪಿಸುಮಾತಿನಲ್ಲಿ.

"ಇಬ್ರೂ ಮಲ್ಗಿದಾರೆ ಕಣೇ" ಎಂದಳು. ಅವಳ ಕಣ್ಣು ತುಂಬಿತ್ತು. "ಕಾಲು ಜೋಮು ಹಿಡಿದುಹೋಗಿದೆ. ಆದ್ರೆ ಅಲ್ಲಾಡಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮುಹೂರ್ತ ಮೀರಿದ್ದು, ಹಿರಿಯರು ಗೊಣಗಿದ್ದು, ಚಿಕ್ಕಪ್ಪ ಗಂಡಿನ ಕಡೆಯವರಿಗೆ ಎರಡೆರಡು ಸಲ ಕಾಫಿ ಕೊಟ್ಟು ಕಥೆ ಹೇಳಿ ಕೂರಿಸಿದ್ದು ಎಲ್ಲ ಆಮೇಲಿನ ಮಾತು. ಚಪ್ಪಲಿ ಬಿಟ್ಟು ಚಿಕ್ಕಮ್ಮನ ಪಕ್ಕ ಕೂತೆ. ನನ್ನ ಬಳೆಯ ಸದ್ದಿಗೋ ಏನೋ, ತಾಯಿ ದಡಬಡಿಸಿ ಎದ್ದಳು. ಮಗು ಎಲ್ಲಿ ಎಂದು ಗಾಬರಿಯಿಂದ ಸುತ್ತ ನೋಡಿದವಳು ನಮ್ಮ ಕಡೆ ತಿರುಗಿ ಹಾಗೇ ನಿಂತುಬಿಟ್ಟಳು.

"ಮಕ್ಕೊಂಡಾಳೇನ್ರಿ?" ಎಂದು ಕೇಳಿದಳು, ನಂಬಲಾರದವಳಂತೆ.

"ಮಲ್ಗಿದಾಳೆ. ನೀನೂ ಇನ್ನೊಂಚೂರು ಮಲ್ಕೋಮ್ಮ" ಎಂದಳು ಚಿಕ್ಕಮ್ಮ.

ಅವಳು ಒಂದು ಗಳಿಗೆ ಮಗಳನ್ನೇ ನೋಡಿದಳು. ಆಮೇಲೆ, ಹೇಳಿದ ಮಾತು ಕೇಳುವ ಮಗುವಿನ ಹಾಗೆ, ಚಾಪೆಗೆ ಮರಳಿ ಸೆರಗನ್ನು ಮುಖದ ಮೇಲೆಳೆದುಕೊಂಡು ಮಲಗಿದಳು.