ರೇಷ್ಮೆ ಬೀಸಿದ ಕೈ ಗೋಡೆ ಹತ್ತಿದ್ದು

ಅನ್ನದ ಮೇಲೆ ಆಣೆ ಇಟ್ಟು ಹೇಳ್ತೀನಿ, ಇದೆಲ್ಲಾ ನಡೆದಿದ್ದೇ. ಒಂದು ಮಾತು ಸುಳ್ಳಿದ್ರೆ ನನ್ನ ಬಲಗೈ ಇವತ್ತೇ ಮತ್ತೆ ಸೆಟೆದ್ಕೊಳ್ಳಲಿ. ನಂಬದೇ ಇರೋರು ಈಗ್ಲೇ ಎದ್ದು ಹೋಗಿ, ನಂಗೇನೂ ಬೇಜಾರಿಲ್ಲ. ದುಡಿಯೋ ಜಾಗದಲ್ಲಿ ಇಂಥವು ಆಗ್ತಾನೇ ಇರ್ತವೆ. ಸೊಂಟ ಹಿಡ್ಕೊಂಡೋನಿಗೆ ಅಳು, ನೋಡ್ದೋರಿಗೆ ನಗು.

ನಾನು ಮದ್ರಾಸಲ್ಲಿ, ಟಿ. ನಗರದ ಒಂದು ರೇಷ್ಮೆ ಸೀರೆ ಅಂಗಡೀಲಿ ಸೇಲ್ಸ್‌ಮನ್ನು. ಎಪ್ಪತ್ತೆಂಟು ಎಪ್ಪತ್ತೊಂಬತ್ತರ ಮಾತು. ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಇಲ್ಲ. ಆದ್ರೆ ಬಿಳೀ ಗಾದಿ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದು ಸೀರೆ ಬೀಸಿದ್ರೆ, ಅದು ಗಾಳೀಲೇ ಬಿಚ್ಕೊಂಡು ಸೆರಗು ಸರಿಯಾಗಿ ಗಿರಾಕಿ ಮಡಿಲಿಗೆ ಬೀಳ್ತಿತ್ತು. ಆ ಬೀಸು ಇಡೀ ಬೀದೀಲಿ ಇನ್ನೊಬ್ಬನಿಗೆ ಬರ್ತಿರ್ಲಿಲ್ಲ. ಕಾಂಚೀಪುರದೋರೇ ಬಂದು ನೋಡ್ಕೊಂಡು ಹೋಗಿದಾರೆ.

೧. ಸೆರಗು ಹಿಡಿದು ನಿಂತ ಕೈ

ಒಂದಿನ ಮದುವೆ ಮನೆಯೋರು ಬಂದ್ರು. ಬೆಳಗ್ಗೆ ಕೂತೋನು ನಾನು ಎದ್ದೇ ಇರ್ಲಿಲ್ಲ. ನೀರು ಕುಡಿಯೋಕೆ ಏಳೋನು ಸೋಮಾರಿ ಅನ್ನೋ ಕಾಲ ಅದು. ಅರಿಶಿನ ಬಣ್ಣದ ಸೀರೆ ಎತ್ತಿ ಬೀಸಿದೆ ನೋಡಿ, ಸೀರೆ ಹೋಯ್ತು, ಕೈ ವಾಪಸ್ ಬರ್ಲಿಲ್ಲ! ಬಸ್ಸಿಗೆ ಕೈ ಒಡ್ಡಿದೋನ ಹಾಗೆ ಭುಜದ ಮಟ್ಟಕ್ಕೇ ನಿಂತ್ಬಿಡ್ತು. ಒಂದು ತುದಿ ನನ್ನ ಬೆರಳಲ್ಲೇ. ಕಣ್ಣಲ್ಲಿ ನೀರು.

ಮದುಮಗಳ ಅಜ್ಜಿ ಅಂದ್ಳು, "ಪಾವಂ, ಪಾಪ, ಎಷ್ಟು ತಾಳ್ಮೆ ನೋಡ್ರೇ ಇವನಿಗೆ! ಹಾಗೇ ಹಿಡ್ಕೊಂಡಿರಪ್ಪಾ, ಬೆಳಕು ಚೆನ್ನಾಗಿ ಬೀಳ್ತಿದೆ."

"ಅಮ್ಮಾ, ಕೈ..."

"ಗೊತ್ತಪ್ಪಾ, ನೋಯುತ್ತೆ. ಸ್ವಲ್ಪ ಹೊತ್ತು."

ಅತ್ತೆ ನೋಡಿದ್ಳು, ನಾದಿನಿ ನೋಡಿದ್ಳು, ಬೀಗಿತ್ತಿ ಎರಡು ಸಲ ನೋಡಿದ್ಳು. ಕೊನೆಗೆ ಅಜ್ಜಿ ತೀರ್ಪು ಕೊಟ್ಳು, "ಇದು ಬೇಡ. ಆ ಎಡಗೈ ಸುಮ್ನೇ ಇದೆಯಲ್ಲ, ಅದ್ರಲ್ಲಿ ಹಸಿರು ತೋರ್ಸು."

೨. ನಿಯತ್ತಿನ ಕತ್ತು

ನಮ್ಮ ಯಜಮಾನ್ರು ನಮ್ಮ ಕಡೆಯೋರೇ. ಹಣೆ ತುಂಬ ವಿಭೂತಿ, ಮಾತು ಬೆಣ್ಣೆ, ಮನಸ್ಸು ತಕ್ಕಡಿ. ಕರೆದು ಹೇಳಿದ್ರು, "ನೋಡಯ್ಯಾ, ದೀಪಾವಳಿ ಸೀಸನ್ ಶುರುವಾಗೋದ್ರೊಳಗೆ ಆ ಕೈ ನೆಟ್ಟಗೆ ಮೇಲಕ್ಕೆದ್ದು ತೋಳು ಕಿವಿ ಮುಟ್ಬೇಕು. ಮುಟ್ಟಲಿಲ್ವೋ, ಗಾದಿ ಬಿಟ್ಟು ಕೆಳಗೆ ಟವಲ್ ಸೆಕ್ಷನ್ನಿಗೆ ಹೋಗು."

ಟವಲ್! ರೇಷ್ಮೆ ಬೀಸಿದ ಕೈಲಿ ಮೈ ಒರೆಸೋ ಬಟ್ಟೆ ಮಡಿಸೋದಾ? ಅದಕ್ಕಿಂತ ರೈಲು ಹತ್ತಿ ಊರಿಗೆ ಹೋಗೋದೇ ಮೇಲು ಅನ್ನಿಸ್ತು. ಸರ್ಕಾರಿ ಆಸ್ಪತ್ರೆಗೆ ಓಡಿದೆ. ಲೇಡಿ ಡಾಕ್ಟರು ಕೇಳಿದ್ರು, "ದಿನಕ್ಕೆ ಎಷ್ಟು ಸೀರೆ ಬೀಸ್ತೀರಿ?"

"ನಾನಾ? ಮೇಡಂ, ಇಡೀ ಟಿ. ನಗರದಲ್ಲಿ ನನ್ನಷ್ಟು..."

"ಅದಕ್ಕೇ ಹೀಗಾಗಿರೋದು."

ಮಾತ್ರೆ ಕಮ್ಮಿ, ಬುದ್ಧಿ ಜಾಸ್ತಿ ಕೊಟ್ರು. ಗಂಟೆಗೊಂದು ಸಲ ಎದ್ದು ಓಡಾಡು. ಬೀಸ್ಬೇಡ, ಎರಡೂ ಕೈಲಿ ಬಿಚ್ಚಿ ಹಾಸು. ಬೆನ್ನಿಗೆ ದಿಂಬು ಕೊಡು. ನೀರು ಕುಡಿ. ಕತ್ತನ್ನ ಎಡಕ್ಕೂ ಬಲಕ್ಕೂ ನಿಧಾನಕ್ಕೆ ತಿರುಗಿಸ್ತಾ ಇರು, ಶುರು ಮಾಡಿದ್ರೆ ನಡುವೆ ನಿಲ್ಲಿಸ್ಬೇಡ.

ಮಾರನೇ ದಿನ ಗಾದಿ ಮೇಲೆ ಕೂತು ಕತ್ತು ತಿರುಗಿಸ್ತಾ ಇದೀನಿ, ಮೈಲಾಪೂರಿನ ಮಾಮಿ ಒಬ್ಳು ಬಂದು ಕೂತ್ಳು. ಶುರು ಮಾಡಿದ್ದನ್ನ ನಡುವೆ ನಿಲ್ಲಿಸ್ಬಾರ್ದು ಅಂತ ಡಾಕ್ಟರು ಹೇಳಿದ್ರಲ್ಲ, ನಾನು ನಿಲ್ಲಿಸ್ಲಿಲ್ಲ.

"ಇದು ಅಸಲಿ ಜರೀನಾಪ್ಪಾ?"

ನನ್ನ ಕತ್ತು ಎಡಕ್ಕೆ ಹೋಯ್ತು, ಬಲಕ್ಕೆ ಬಂತು.

"ಬಣ್ಣ ನಿಲ್ಲುತ್ತಾ?"

ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ.

ಮಾಮಿ ಚೀಲ ಎತ್ಕೊಂಡು ಎದ್ಳು. ಕ್ಯಾಶಿನ ಹತ್ರ ನಿಂತು ಯಜಮಾನ್ರಿಗೆ ಹೇಳಿದ್ಳು, "ನಿಮ್ಮ ಹುಡುಗನಷ್ಟು ನಿಯತ್ತಿನ ಸೇಲ್ಸ್‌ಮನ್ನನ್ನ ನಾನು ಮದ್ರಾಸಲ್ಲೇ ನೋಡಿಲ್ಲ." ಹೇಳಿ ಸೀದಾ ಎದುರು ಅಂಗಡಿಗೆ ಹೋದ್ಳು.

೩. ಎತ್ತಿದ ಕೈಗಳು

ನಾನು ಒಂದು ವಿದ್ಯೆ ಕಲಿತ್ರೆ ಒಬ್ನೇ ಇಟ್ಕೊಳ್ಳೋನಲ್ಲ. ಅಂಗಡೀಲಿ ಯಾರಿಗೆ ನೋವಿರ್ಲಿಲ್ಲ ಹೇಳಿ? ಮಡಿಕೆ ಹಾಕೋನಿಗೆ ಮಣಿಕಟ್ಟು, ಬಿಲ್ ಬರೆಯೋನಿಗೆ ಬೆರಳು, ಮೇಲಿನ ಅಟ್ಟದಿಂದ ಸೀರೆ ಇಳಿಸೋನಿಗೆ ಸೊಂಟ. ಎಲ್ರನ್ನೂ ಸೇರಿಸಿ ಹೇಳ್ದೆ, "ಹನ್ನೊಂದು ಗಂಟೆಗೆ ಗಿರಾಕಿ ಕಮ್ಮಿ. ಎಲ್ರೂ ಎದ್ದು ನಿಂತು ಕೈ ಮೇಲೆತ್ತಿ ಮೈ ಮುರೀರಿ."

ಹನ್ನೊಂದಾಯ್ತು. ಅಷ್ಟೂ ಜನ ಒಟ್ಟಿಗೆ ಎದ್ದು ಕೈ ಮೇಲೆತ್ತಿದ್ರು. ನನ್ನದೊಂದು ಅರ್ಧಕ್ಕೆ ನಿಂತಿತ್ತು, ಅದು ಬಿಡಿ. ಆಗ ಮದ್ರಾಸಲ್ಲಿ ದಿನಾ ಒಂದು ಕಡೆ ಸ್ಟ್ರೈಕು. ಯಜಮಾನ್ರು ಕ್ಯಾಶ್ ಪೆಟ್ಟಿಗೆ ತಬ್ಕೊಂಡ್ರು.

"ಯಾವತ್ತು ಯೂನಿಯನ್ ಮಾಡ್ಕೊಂಡ್ರಯ್ಯಾ? ನಾನು ನಿಮ್ಗೆ ಏನು ಕಮ್ಮಿ ಮಾಡಿದೀನಿ? ಬಾಯಿ ಬಿಟ್ಟು ಕೇಳ್ರಯ್ಯಾ!"

ಇದು ವ್ಯಾಯಾಮ ಸಾಮಿ ಅಂತ ಹೇಳೋಕೆ ನಾನು ಬಾಯಿ ತೆಗೆದೆ. ಬಿಲ್ ಬರೆಯೋನು ನನ್ನ ಕಾಲು ತುಳಿದು, ಕೈ ಇಳಿಸದೇನೇ ಹೇಳಿದ, "ಮಧ್ಯಾಹ್ನಕ್ಕೆ ಇನ್ನೊಂದು ಟೀ, ಅಯ್ಯಾ."

"ಅಷ್ಟೇನಾ? ಕುಡೀರಿ! ಬೋಂಡಾನೂ ತಿನ್ನಿ! ಮೊದ್ಲು ಕೈ ಇಳಿಸ್ರಯ್ಯಾ!"

ಮಾರನೇ ವಾರ ನೋಡಿದ್ರೆ, ಹನ್ನೊಂದು ಗಂಟೆಗೆ ಬೀದೀಲಿರೋ ಅಷ್ಟೂ ಅಂಗಡೀಲೂ ಕೈ ಎತ್ತಿದ್ರು.

೪. ಕೈಪಂಪು

ಮನೆ ಹತ್ರಾನೂ ಬುದ್ಧಿ ಹೇಳೋಕೆ ಹೋದೆ. ಬೀದಿ ಪಂಪಿನ ಹತ್ರ ಹೆಂಗಸರು ಬಿಂದಿಗೆ ಸಾಲಿಟ್ಟು ಬಗ್ಗಿ ಬಗ್ಗಿ ಹೊಡೀತಿದ್ರು. "ಸೊಂಟ ಬಗ್ಗಿಸ್ಬಾರ್ದಮ್ಮಾ, ಮಂಡಿ ಬಗ್ಗಿಸ್ಬೇಕು. ಒಂದೇ ಕೈಲಿ ಹೊಡೀಬಾರ್ದು, ಕೈ ಬದಲಾಯಿಸ್ಬೇಕು" ಅಂದೆ.

"ಹೆಂಗಣ್ಣಾ? ತಿಳೀಲಿಲ್ಲ. ಒಂದ್ಸಲ ಹೊಡೆದು ತೋರ್ಸಿ."

ತೋರಿಸ್ದೆ. ಪಕ್ಕದೋಳಿಗೂ ತಿಳೀಲಿಲ್ವಂತೆ. ಅವಳ ಪಕ್ಕದೋಳಿಗೂ ಇಲ್ಲ. ಸಾಲು ಮುಗಿದ ಮೇಲೆ ನನ್ನ ಹೆಂಡ್ತಿ ಎರಡು ಖಾಲಿ ಬಿಂದಿಗೆ ತಂದಿಟ್ಟು ಅಂದ್ಳು, "ನಂಗೂ ತಿಳೀಲಿಲ್ಲ ಕಣ್ರೀ."

೫. ಗೋಡೆ

ದೀಪಾವಳಿ ಹತ್ರ ಬಂತು. ಕೈ ಇನ್ನೂ ಕಿವಿಗೆ ಬಂದಿರ್ಲಿಲ್ಲ. ಡಾಕ್ಟರು ಇನ್ನೊಂದು ಹೇಳಿಕೊಟ್ರು. ಗೋಡೆ ಮುಂದೆ ನಿಂತು, ಬೆರಳನ್ನ ಜೇಡನ ಥರ ಮೇಲೆ ಮೇಲೆ ನಡೆಸ್ಬೇಕು. ಮುಟ್ಟಿದ ಕಡೆ ಗುರುತು ಮಾಡ್ಬೇಕು. ನಾಳೆ ಅದನ್ನ ದಾಟ್ಬೇಕು. ಪಕ್ಕದ ಓಣಿ ಕಡೆಗಿದ್ದ ನಮ್ಮ ಅಂಗಡಿ ಗೋಡೇನೇ ಹಿಡಿದೆ. ಟೈಲರ್ ಹತ್ರ ನೀಲಿ ಸೀಮೆಸುಣ್ಣ ತಗೊಂಡು ದಿನಾ ಒಂದು ಗೆರೆ. ಏಣಿ ಮೆಟ್ಟಿಲಿನ ಹಾಗೆ ಗೆರೆ ಏರ್ತಾ ಹೋಯ್ತು.

ನಂಗೇನು ಗೊತ್ತು, ಆಗ ಎಲೆಕ್ಷನ್ ಟೈಮು! ಮದ್ರಾಸಲ್ಲಿ ಪಾರ್ಟಿಯೋರು ಮೊದ್ಲೇ ಗೋಡೆ ಹಿಡ್ಕೊಂಡು ಗುರುತು ಹಾಕಿಡ್ತಾರೆ. ಗುರುತು ಹಾಕಿದ ಗೋಡೆಗೆ ಇನ್ನೊಬ್ಬ ಬ್ರಷ್ ಇಡೋ ಹಾಗಿಲ್ಲ, ಇಟ್ರೆ ತಲೆ ಒಡೆಯುತ್ತೆ. ನನ್ನ ಗೆರೆ ನೋಡಿ ಈ ಪಾರ್ಟಿಯೋರು ಆ ಪಾರ್ಟಿಯೋರು ಅಳತೆ ಹಾಕಿದಾರೆ ಅಂದ್ಕೊಂಡ್ರು. ಆ ಪಾರ್ಟಿಯೋರು ಈ ಪಾರ್ಟಿಯೋರು ಅಂದ್ಕೊಂಡ್ರು. ಒಂದು ಬೆಳಗ್ಗೆ ಎರಡು ಕಡೆಯೋರೂ ಸುಣ್ಣದ ಬಕೆಟ್ಟು, ಬ್ರಷ್ಷು, ಹತ್ತಿಪ್ಪತ್ತು ಆಳು ಸಮೇತ ಓಣೀಲಿ ಎದುರಾಬದುರು.

"ಎವನ್ ಡಾ ಕೋಡು ಪೋಟ್ಟದು? ಗೆರೆ ಎಳೆದೋನು ಯಾವನು?"

ಯಜಮಾನ್ರು ಓಡಿ ಬಂದ್ರು, ಹಿಂದೆ ಅಂಗಡಿಯೋರು ನಾವೆಲ್ಲಾ. "ನಮ್ಮೋರು ಯಾರೂ ಅಲ್ಲಪ್ಪಾ! ಅಲ್ವೇನ್ರಯ್ಯಾ? ಯಾರಾದ್ರೂ ಎಳೆದಿದ್ರೆ ಕೈ ಎತ್ರಯ್ಯಾ!"

ನಾನು ಹೆದರೋ ಪೈಕಿ ಅಲ್ಲ. ಎತ್ತಿದೆ. ಬಲಗೈ. ಆ ಗಾಬರೀಲಿ ನೋವು ಮರ್ತೇ ಹೋಗಿತ್ತು. ಕೈ ಸರ್ರ್ ಅಂತ ಸೀದಾ ಮೇಲಕ್ಕೆ ಹೋಗಿ ತೋಳು ಕಿವಿಗೆ ಅಂಟ್ಕೊಂಡ್ತು.

"ಅಯ್ಯಯ್ಯೋ, ಕಿವಿ ಮುಟ್ಟಿತಲ್ಲೋ!" ಅಂದ್ರು ಯಜಮಾನ್ರು, ಜಗಳ ಮರೆತು. "ಇಳಿಸು! ಇನ್ನೊಂದ್ಸಲ ಎತ್ತು!"

ಎತ್ತಿದೆ. ಮತ್ತೆ ಮುಟ್ಟಿತು. ಎರಡು ಪಾರ್ಟಿಯೋರೂ ಬಾಯಿ ಬಿಟ್ಕೊಂಡು ನೋಡಿದ್ರು. ನಾನು ಬೆರಳು ಗೋಡೆ ಹತ್ತಿಸಿ ಎಲ್ಲಾ ಬಿಡಿಸಿ ಹೇಳಿದೆ. ಆಗ ಈ ಪಾರ್ಟಿ ಪೇಂಟರು ಮೆಲ್ಲಗೆ ಕೇಳಿದ, "ಅಣ್ಣೇ, ದಿನವೆಲ್ಲಾ ತಲೆ ಮೇಲೆ ಬ್ರಷ್ ಹಿಡಿದು ನಂಗೂ ಭುಜ ಹಿಡ್ಕೊಂಡಿದೆ. ಇದ್ರಿಂದ ವಾಸಿಯಾಗುತ್ತಾ?" ಆ ಪಾರ್ಟಿ ಪೇಂಟರು ಬಕೆಟ್ ಕೆಳಗಿಟ್ಟ, "ನಂಗೆ ಎರಡೂ ಕಡೆ, ಅಣ್ಣೇ."

ತಲೆ ಒಡೆಯೋಕೆ ಬಂದೋರು ಅಕ್ಕಪಕ್ಕ ಗೋಡೆಗೆ ಮುಖ ಮಾಡಿ ನಿಂತು, ಸುಣ್ಣದ ಬೆರಳನ್ನ ಜೇಡನ ಥರ ಹತ್ತಿಸೋಕೆ ಶುರು ಮಾಡಿದ್ರು. ಲೀಡರುಗಳೂ ಸೇರ್ಕೊಂಡ್ರು. "ನಿಮ್ಮೋನಿಗಿಂತ ನಮ್ಮೋನು ಮೇಲೆ ಹೋದ!" ಅಂತ ಅದಕ್ಕೂ ಕೂಗಾಟ.

ಎಲ್ಲಾ ಹೋದ ಮೇಲೆ ಯಜಮಾನ್ರು ಗೋಡೆ ನೋಡಿದ್ರು. ನೀಲಿ ಗೆರೆ, ಬೆರಳಚ್ಚು, ಸುಣ್ಣದ ತೇಪೆ. ನನ್ನ ಬೆನ್ನು ತಟ್ಟಿ, "ಗಾದಿ ನಿಂದೇ ಕಣಯ್ಯಾ, ಹೋಗಿ ಕೂತ್ಕೋ" ಅಂದ್ರು. ಆ ತಿಂಗಳ ಸಂಬಳದಲ್ಲಿ ಗೋಡೆಗೆ ಬಣ್ಣ ಹೊಡೆಸಿದ ಬಾಬ್ತು ಹಿಡ್ಕೊಂಡಿದ್ದು ಮೂವತ್ತೇಳು ರೂಪಾಯಿ ಐವತ್ತು ಪೈಸೆ.