ಎಣ್ಣೆ ಮಿಲ್ಲಿನ ದೇಶಭಕ್ತ

ಹಿಂದೂಪುರದ ಮರುಳಪ್ಪನವರ ಎಣ್ಣೆ ಮಿಲ್ಲಿಗೆ ದೇಶಭಕ್ತಿ ಬಂದದ್ದು ಸ್ವಾತಂತ್ರ್ಯಕ್ಕೆ ಇನ್ನೊಂದು ವಾರವಿದೆ ಎನ್ನುವಾಗ. ಯುದ್ಧಕಾಲದಲ್ಲಿ ಸೈನ್ಯಕ್ಕೆ ಎಣ್ಣೆ ಕಳಿಸುತ್ತಿದ್ದಾಗ, ಖಾದಿ ಟೋಪಿ ಹಾಕಿಬಂದ ತಪ್ಪಿಗೆ ಕದಿರಣ್ಣನನ್ನು ಕೆಲಸದಿಂದ ಓಡಿಸಿದ್ದ ಸಾಹುಕಾರರು, ಈಗ ಟೋಪಿಯಿಲ್ಲದವರಿಗೆ ಗೇಟು ತೆಗೆಯಬೇಡಿ ಎಂದು ಅಪ್ಪಣೆ ಮಾಡಿದರು. ಗೋಡೆಯಿಂದ ಚಕ್ರವರ್ತಿ ಇಳಿದ. ಅದೇ ಮೊಳೆಗೆ ಭಾರತಮಾತೆ ಏರಿದಳು.

ಆ ಸಂಜೆಯೇ ಮಿಲ್ಲಿನ ಸಭೆಗೆ ಅನಂತಪುರದಿಂದ ಮುಖಂಡರೊಬ್ಬರು ಬರುವವರಿದ್ದರು. ಅವರ ಕೈಯಿಂದ ಹಾರ ಹಾಕಿಸಲು ಜೈಲು ಕಂಡ ನೌಕರನೊಬ್ಬ ಬೇಕಾಗಿತ್ತು. ಕದಿರಣ್ಣ ನಿಜವಾಗಿಯೂ ಜೈಲಿಗೆ ಹೋಗಿಬಂದವನು. ಆದರೆ ಕರೆದರೆ ಕೆಲಸವನ್ನೂ ಕೇಳಿಯಾನು. ಆಗ ಕ್ಯಾಷಿಯರ್ ರಾಮಲಿಂಗಯ್ಯನಿಗೆ, ಗುಮಾಸ್ತ ಉಜ್ಜಿನಪ್ಪ ಒಮ್ಮೆ ಕಲ್ಯಾಣದುರ್ಗದ ಠಾಣೆಯಲ್ಲಿ ಒಂದು ರಾತ್ರಿ ಕಳೆದದ್ದು ನೆನಪಾಯಿತು.

"ಅದು ಕೋಳಿಪಂದ್ಯ ನೋಡಕ್ಕೋಗಿ ಸಿಕ್ಕಾಕ್ಕೊಂಡಿದ್ದು ಸ್ವಾಮಿ," ಎಂದು ಉಜ್ಜಿನಪ್ಪ ಪಿಸುಗುಟ್ಟಿದ. ಲಿಂಗವಂತರ ಮನೆಯವನು, ಆ ಸಂಗತಿಯನ್ನು ಹೆಂಡತಿಗೂ ಹೇಳಿರಲಿಲ್ಲ.

"ಹಿಡಿದೋರು ಬ್ರಿಟಿಷ್ನೋರ ಪೊಲೀಸ್ರು ತಾನೆ? ಹಂಗಾದ್ರೆ ನೀನು ಹೋರಾಟಗಾರನೇ ಕಣಪ್ಪ. ಆಗಕ್ಕಿಲ್ಲ ಅಂದ್ರೆ ನಾಳೆಯಿಂದ ಬರಬ್ಯಾಡ," ಎಂದರು ಸಾಹುಕಾರರು.

ಹೊಟ್ಟೆಪಾಡು, ಉಜ್ಜಿನಪ್ಪ ಒಪ್ಪಿದ. ಮಧ್ಯಾಹ್ನದ ಹೊತ್ತಿಗೆ ಆ ಒಂದು ರಾತ್ರಿ ಹಿಟ್ಟಿನಂತೆ ಉಬ್ಬಿ ಆರು ತಿಂಗಳಾಗಿತ್ತು. ರಾಮಲಿಂಗಯ್ಯ ಅದಕ್ಕೆ ಲಾಠಿ ಏಟನ್ನೂ ಸೇರಿಸಿ, ಕುಂಟುವುದನ್ನು ಹೇಳಿಕೊಟ್ಟ. ಗಂಡ ಒಂದು ವಾರವೂ ಮನೆಯೂಟ ಬಿಟ್ಟಿದ್ದವನಲ್ಲ ಎಂಬುದನ್ನು ಮರೆತ ಭ್ರಮರಾಂಬ, ಪಕ್ಕದ ಮನೆಯ ಸರ್ವಮಂಗಳಮ್ಮನ ರೇಷ್ಮೆ ಸೀರೆ ಕೇಳಿ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಳು.

ಉಜ್ಜಿನಪ್ಪ ಬಲಗಾಲು ಕುಂಟುತ್ತ ವೇದಿಕೆ ಹತ್ತಿದ. ಹಾರ ಬಿದ್ದ ಗಾಬರಿಯಲ್ಲಿ ಎಡಗಾಲು ಕುಂಟುತ್ತ ಹಿಂದೆ ಸರಿದ. ಪಾಪಿಗಳು ಎರಡೂ ಕಾಲಿಗೆ ಹೊಡೆದಿದ್ದಾರೆಂದು ಮುಖಂಡರ ಕಣ್ಣು ತುಂಬಿತು. ಇಂಥ ತ್ಯಾಗಿ ಎಣ್ಣೆ ಡಬ್ಬ ಎಣಿಸುತ್ತ ಕೂರುವುದು ನಾಚಿಕೆಗೇಡು, ಇವನು ಪರಿಗಿ, ಚಿಲಮತ್ತೂರು ಎಂದು ಹಳ್ಳಿ ಹಳ್ಳಿ ತಿರುಗಿ ಜನರನ್ನು ಎಬ್ಬಿಸಬೇಕು ಎಂದು ತೆಲುಗಿನಲ್ಲಿ ಗುಡುಗಿದರು.

ಚಪ್ಪಾಳೆ ನಿಲ್ಲುವ ಮೊದಲೇ ಮರುಳಪ್ಪನವರು ಎದ್ದು, ಕಂಪನಿಯು ತನ್ನ ಈ ರತ್ನವನ್ನು ಈ ಕ್ಷಣದಿಂದಲೇ ದೇಶಕ್ಕೆ ಅರ್ಪಿಸಿದೆ ಎಂದು ಸಾರಿದರು. ಗುಮಾಸ್ತನ ಜಾಗಕ್ಕಾಗಿ ಅವರ ಅಳಿಯ ಯುಗಾದಿಯಿಂದ ಕಾಯುತ್ತಿದ್ದ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಭ್ರಮರಾಂಬ. ಉಜ್ಜಿನಪ್ಪ ಸಾಹುಕಾರರ ಕಿವಿಯ ಬಳಿ ಬಾಗಿ, "ಸಂಬಳ ಯಾರ್ ಕೊಡ್ತಾರೆ ಸ್ವಾಮಿ?" ಎಂದು ಕೇಳಿದ.

"ದೇಶಭಕ್ತರು ಸಂಬಳ ತಗೋತಾರೇನಪ್ಪ?" ಎಂದು ಮರುಳಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟು, ಫೋಟೋದವನ ಕಡೆಗೆ ನಕ್ಕರು.