ಸೂಜಿ ಮಾಡಿಸಿದ ಮರುದಿನ

ಮಳಿಗಾಲ ಹತ್ರ ಬಂತು ಅಂದ್ರ ನೆಗಡಿ-ಜ್ವರದ ಸೂಜಿ ಬರತೈತಿ. ಸೂಜಿ ಬಂತು ಅಂದ್ರ ಮರುದಿನ ನಗುವಂಥದ್ದೊಂದು ಆಗೇ ಆಗತೈತಿ. ಒಂದು ವರ್ಷನೂ ತಪ್ಪಿಲ್ಲ.

ನಂದು ಮೂರು ಗಾಲಿ ಟಂಟಂ. ಕುಕನೂರಾಗ ಮನಿ. ಸೂಜಿ ಹಾಕೋ ಸಂಸ್ಥೆಯವರು ವರ್ಷಕ್ಕ ಹದಿನೈದು ದಿನ ನನ್ನ ಗಾಡಿ ಹಿಡೀತಾರ. ಹಿಂದಿನ ಸೀಟಿನ್ಯಾಗ ಐಸಿನ ಡಬ್ಬಿ, ಅದರ ಬಾಜೂಕ ಸಿಸ್ಟರು. ಸಿಸ್ಟರು ಮೈಸೂರು ಕಡೆಯವರು. ಬಂದು ಆರು ವರ್ಷ ಆತು. ನನಗ ಕಾಕಾ ಅಂತಾರ.

ಊರಿಗೆ ಹೋಗಿ ಮೈಕಿನ್ಯಾಗ ಕೂಗಿ ಮಂದಿ ಕೂಡಿಸೋದು ನನ್ನ ಕೆಲಸ. ಕಡೀಕ ಒಂದು ಮಾತು ಹೇಳತೀನಿ: "ಸೂಜಿ ಆದಮ್ಯಾಲೆ ಮೈ ಜಡ ಆಗತೈತಿ, ಅಂಜಬ್ಯಾಡ್ರಿ. ಗಂಡಸರು ಒಂದು ದಿನ ಮಲಗ್ರಿ. ಹೆಣ್ಮಕ್ಕಳು ನಾಕು ದಿನ." ಇದು ಸಿಸ್ಟರು ನನಗ ನಮ್ಮ ಮನ್ಯಾಗ ಹೇಳಿದ್ದು, ನನ್ನ ಹೆಂಡತಿಗೆ ಸೂಜಿ ಹಾಕಿದಾಗ.

ಈಗ ಆಕಿ ಇಲ್ಲ. ಹೋದ ದೀಪಾವಳಿಗೆ ಮುಂಚೆ ತೀರಿಕೊಂಡ್ಲು. ಎದಿ ಹಿಡೀತು ಅಂದ್ಲು, ಅಷ್ಟ. ಈ ವರ್ಷ ನನ್ನ ಸೂಜಿ ನಾನು ಮುಂದ ಮುಂದ ದೂಡಾಕತ್ತಿದ್ದೆ. ಸೂಜಿಗೆ ಅಂಜಿಕಿ ಇಲ್ಲ. ಮರುದಿನಕ್ಕ ಅಂಜಿಕಿ. ಮಲಗಿದ್ರ ಗಂಜಿ ಕೊಡೋರು ಯಾರು? ಅದನ್ನ ಕಡೀಕ ಹೇಳತೀನಿ. ಮೊದ್ಲು ಮಂದೀದು.

ಮದ್ದು

ಸಿಸ್ಟರು ಬಂದ ಹೊಸದು. ಹನುಮಸಾಗರ ಕಡೆ ಒಂದು ಹಳ್ಳಿ. ಅವತ್ತು ನನ್ನ ಗಂಟಲು ಕಟ್ಟಿತ್ತು. ಮೈಕು ಅವರ ಕೈಯಾಗ ಕೊಟ್ಟೆ. ಅವರು ತಮ್ಮ ಕಡೆ ಮಾತಿನ್ಯಾಗ ಕೂಗಿದ್ರು: "ಎಲ್ಲರೂ ಬನ್ನಿ, ಮದ್ದು ಹಾಕ್ತೀವಿ!"

ಬಾಗಿಲಾ ಬಡಬಡ ಮುಚ್ಚಿದ್ವು. ನಮ್ಮ ಕಡೆ ಮದ್ದು ಹಾಕೋದು ಅಂದ್ರ ಬ್ಯಾರೆ. ಆಗದವರು ಊಟದಾಗ ಕದ್ದು ಹಾಕೋದು. ತಿಂದವ ಸೊರಗಿ ಸೊರಗಿ ಹೋಗತಾನ ಅಂತಾರ.

ಕಟ್ಟಿ ಮ್ಯಾಲೆ ಒಬ್ಬಾಕಿ ಮುದುಕಿ ಉಳಿದಿದ್ಲು. ಲಗೂನ ಏಳಾಕ ಆಗಿರಲಿಲ್ಲ. "ಮದ್ದು ಹಾಕಿದ್ರ ಏನಾಗತೈತಿ ಯವ್ವಾ?" ಅಂತ ಕೇಳಿದ್ಲು.

ಸಿಸ್ಟರು ಖರೆ ಹೇಳಿದ್ರು. "ಏನಿಲ್ಲ ಅಜ್ಜಿ. ಸ್ವಲ್ಪ ಸುಸ್ತು. ಊಟ ಸೇರಲ್ಲ. ಮಲಗೋಣ ಅನ್ಸುತ್ತೆ."

ಮುದುಕಿ ನನ್ನ ಕಡೆ ತಿರುಗಿದ್ಲು. "ನನ್ನ ಸೊಸಿನ ಛಲೋ ಬಿಡಪಾ. ಹಾಕಿದ್ರ ಕದ್ದು ಹಾಕತಾಳ. ಇವರು ಮೈಕ್ ಹಚ್ಚಿ ಹಾಕಾಕ ಬಂದಾರ!"

ನೀರಿನ ಸೂಜಿ

ಯಲಬುರ್ಗಾದಾಗ ಒಬ್ಬ ಕಿರಾಣಿ ಅಂಗಡಿ ಸಾವ್ಕಾರ. ಸೂಜಿ ಮಾಡಿಸ್ಕೊಂಡ ಮರುದಿನ ಟಂಟಂ ಅಡ್ಡಗಟ್ಟಿದ.

"ಸಿಸ್ಟರ, ನೀವು ನನಗ ನೀರು ಚುಚ್ಚೀರಿ."

"ಯಾಕೆ, ಏನಾಯ್ತು?"

"ಏನೂ ಆಗಿಲ್ಲ, ಅದಕ್ಕ ಬಂದೀನಿ. ಬಾಜೂ ಅಂಗಡಿಯವ ಪಾಳಿಯಾಗ ನನ್ನ ಹಿಂದ ನಿಂತಾವ. ಅವಗ ಜ್ವರ ಬಂದೈತಿ, ತೋಳು ಬಾತೈತಿ, ಇವತ್ತು ಅಂಗಡಿನ ತಗದಿಲ್ಲ. ನಾನು ಮುಂಜಾನೆ ಆರು ರೊಟ್ಟಿ ತಿಂದೀನಿ!"

"ಕೆಲವರಿಗೆ ಏನೂ ಆಗಲ್ಲ. ಒಳ್ಳೇದೇ ಅಲ್ವಾ?"

"ಏನ್ ಒಳ್ಳೇದ್ರಿ? ಔಷಧ ಅವಗ, ನೀರು ನನಗ."

ಸಂಜೀಕ ನನಗ ಫೋನ್ ಬಂತು. ಅದ ಸಾವ್ಕಾರ. ಅವನ ಹಲ್ಲು ಕಟಕಟ ಅನ್ನೋದು ಇತ್ತಾಗ ಕೇಳತಿತ್ತು. "ಬಂತಪಾ, ಬಂತು! ಸಿಸ್ಟರಿಗೆ ಹೇಳು, ಭಾಳ ಉಪಕಾರ ಆತು. ಅವನಕಿಂತ ನಂದು ಒಂದು ಡಿಗ್ರಿ ಜಾಸ್ತೀನ ಐತಿ."

ಬೆಳೆದ ಯಲಬುರ್ಗಾ

ಒಂದು ವರ್ಷ ನಾನು ಸೂಜಿ ಮಾಡಿಸ್ಕೊಂಡು ಮರುದಿನ ಗಾಡಿ ಹೊರಗ ತಗದೆ. "ಒಂದು ದಿನ ಮಲಗ್ರಿ, ನಿಮ್ಮ ಪಾಲಿಂದು ಅಷ್ಟ ಐತಿ" ಅಂತ ಹೆಂಡತಿ ಕೌದಿಯೊಳಗಿಂದ ಅಂದ್ಲು. ಕೇಳಲಿಲ್ಲ.

ಯಲಬುರ್ಗಾಕ್ಕ ಏಳು ಮಂದಿ ಹತ್ತಿದ್ರು. ಅವರೂ ಹಿಂದಿನ ದಿನ ಸೂಜಿ ಮಾಡಿಸ್ಕೊಂಡವರ. ನನ್ನ ಕಣ್ಣು ತೆರದಿದ್ವು, ತಲಿ ಮಲಗಿತ್ತು. ಯಲಬುರ್ಗಾ ಬಂದದ್ದೂ ತಿಳೀಲಿಲ್ಲ, ದಾಟಿದ್ದೂ ತಿಳೀಲಿಲ್ಲ. ಹಿಂದ ಒಬ್ಬರೂ ಇಳೀತೀನಿ ಅನಲಿಲ್ಲ. ಏಳೂ ಮಂದಿ ಗೊರಕಿ.

ಕುಷ್ಟಗಿ ಬಸ್ ಸ್ಟ್ಯಾಂಡಿನ ಮುಂದ ಒಬ್ಬ ಅಜ್ಜಗ ಎಚ್ಚರ ಆತು. ಅತ್ತ ನೋಡಿದ, ಇತ್ತ ನೋಡಿದ. "ತಮ್ಮಾ, ನಿನ್ನೆ ಒಂದ ದಿನ ಬರಲಿಲ್ಲ ನೋಡು ನಾನು. ಯಲಬುರ್ಗಾ ಎಷ್ಟು ಬೆಳದೈತೋ!"

ಅತ್ತಿ

ಮಂಗಳೂರಾಗ ಆದದ್ದು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೇದು. ದೊಡ್ಡ ಮನಿ, ನಾಕು ಮಂದಿ ಸೊಸ್ತ್ಯಾರು. ನಾಕೂ ಮಂದಿ ಸೂಜಿ ಮಾಡಿಸ್ಕೊಂಡ್ರು. ಅತ್ತಿ ಒಲ್ಲೆ ಅಂದ್ಲು. "ನನ್ನ ಮೈ ಕಬ್ಬಿಣ ಐತಿ. ನಿಮ್ಮ ಸೂಜಿನ ಡೊಂಕ ಆಗತೈತಿ."

ಮುಂದ ಎರಡು ದಿನ ಬಿಟ್ಟು ಅದ ಊರ ಮ್ಯಾಲೆ ಹೊಂಟಿದ್ವಿ. ಅತ್ತಿ ರಸ್ತೇದಾಗ ನಿಂತಿದ್ಲು. ಮೊಳಕೈ ಮಟ ಜ್ವಾಳದ ಹಿಟ್ಟು.

"ಏ ಟಂಟಂ! ಹೆಣ್ಮಕ್ಕಳು ನಾಕು ದಿನ ಮಲಗ್ರಿ ಅಂತ ಕೂಗಿದಾವ ನೀನ ಹೌದಲ್ಲೋ?"

"ಹೌದ್ರಿ ಯವ್ವಾ. ಸಿಸ್ಟರು ಹೇಳಿದ್ದು."

ಸಿಸ್ಟರು ಡಬ್ಬಿಯೊಳಗ ಮಾರಿ ಹಾಕಿದ್ರು, ಏನೋ ಹುಡುಕೋರಂಗ.

"ನಾಕೂ ಮಂದಿ ಮಲಗ್ಯಾರ. ಹದಿನಾಲ್ಕು ಮಂದಿ ರೊಟ್ಟಿ ನಾನೊಬ್ಬಾಕಿ ಬಡಿಯಾಕತ್ತೀನಿ. ಎಲ್ಲೈತಿ ಆ ಸೂಜಿ?" ತೋಳು ಚಾಚಿದ್ಲು. "ಹಾಕ್ರಿ."

ಸಿಸ್ಟರು ಹಾಕಿದ್ರು. ಆಕಿ ಕೈಯಾಗಿನ ಹಿಟ್ಟು ಝಾಡಿಸಿ, ಮನಿ ಕಡೆ ತಿರುಗಿ ಓಣಿ ಕೇಳಂಗ ಕೂಗಿದ್ಲು: "ಏಳ್ರೇ! ಇನ್ನ ನನ್ನ ಪಾಳಿ!"

ನನ್ನ ಪಾಳಿ

ಈ ವರ್ಷ ಕಡೇ ದಿನ. ಡಬ್ಬಿಯಾಗ ಒಂದು ಉಳಿದಿತ್ತು.

"ಕಾಕಾ, ತೋಳು" ಅಂದ್ರು ಸಿಸ್ಟರು.

"ಬ್ಯಾಡ್ರಿ ಸಿಸ್ಟರ. ಮಲಗಿದ್ರ ನೋಡೋರಿಲ್ಲ."

"ನಾನಿದೀನಲ್ಲ. ತೋಳು."

ಹಾಕಿಸ್ಕೊಂಡೆ. ಮರುದಿನ ಮೈ ಜಡ ಆತು. ಮಂಚದ ಮ್ಯಾಲೆ ಬಿದ್ದೆ. ಎದುರಿಗೆ ಒಲಿ. ಆರಿತ್ತು. ವರ್ಷಕ್ಕ ನಾಕು ದಿನ ಆ ಒಲಿ ಮುಂದ ನಾನು ಕುಂದರತಿದ್ದೆ. ಆಕಿ ಇದ ಮಂಚದ ಮ್ಯಾಲೆ ಕೌದಿ ಹೊದ್ದು, ಬರೇ ಕಣ್ಣು ಹೊರಗ ಇಟ್ಟು, "ಹಿಟ್ಟು ಇನ್ನೊಂದೀಟು ನಾದ್ರಿ" ಅಂತಿದ್ಲು. ಉಳಿದ ದಿನ ಆಕಿ ಸುಮ್ನ ಕುಂತದ್ದು ನಾ ನೋಡಿಲ್ಲ.

ಮಧ್ಯಾಹ್ನ ಸಿಸ್ಟರು ಬಂದ್ರು. ಊಟದ ಡಬ್ಬಿಯಾಗ ಗಂಜಿ ತಂದಿದ್ರು. ಕುಡದೆ.

"ಈ ಸಲ ಜಡ ಜಾಸ್ತಿ ಐತಿ. ಒಂದ ದಿನಕ್ಕ ಹೋಗತೈತಿ?"

"ನಾಳೆ ಸರಿಹೋಗುತ್ತೆ. ಎಲ್ಲರಿಗೂ ಒಂದು ದಿನ ಕಾಕಾ, ಹೆಚ್ಚಂದ್ರೆ ಎರಡು."

"ಎಲ್ಲಾರಿಗೂ? ಹೆಣ್ಮಕ್ಕಳಿಗೆ ನಾಕಲ್ಲ?"

ಸಿಸ್ಟರು ಡಬ್ಬಿ ಮುಚ್ಚಳ ತಿರುವಿಕೋತ ಕುಂತ್ರು. ಆಮ್ಯಾಲೆ ಹೇಳಿದ್ರು. "ಅದು ಕಾಕಿ ನನ್ನ ಬಾಯಲ್ಲಿ ಹೇಳಿಸಿದ್ದು. ಮೊದಲನೇ ವರ್ಷ. ನೀವು ಹೊರಗೆ ಗಾಡಿ ಒರೆಸ್ತಿದ್ರಿ."

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಆರು ವರ್ಷ ಮೈಕಿನ್ಯಾಗ ನಾ ಸಾರಿದ್ದು ನನ್ನ ಹೆಂಡತಿ ಮಾತು. ಅಷ್ಟೂ ಊರಿನ ಹೆಣ್ಮಕ್ಕಳು ಆಕಿ ಮಾತಿಗೆ ಮಲಗ್ಯಾರ.

"ಇನ್ನ ನಾ ಏನಂತ ಕೂಗಲಿ ಸಿಸ್ಟರ?"

"ನಾಕೇ ಇರಲಿ ಬಿಡಿ ಕಾಕಾ."

ಇರಲಿ ಅಂದೆ. ಆದ್ರ ಒಂದು ತಿಳೀಲಿಲ್ಲ. "ನಾಕ ಯಾಕ ಅಂದ್ಲು? ಎಂಟು ಅಂದಿದ್ರೂ ನಾ ನಂಬತಿದ್ದೆ."

"ನಾನೂ ಅದನ್ನೇ ಕೇಳ್ದೆ. ಎಂಟು ಹೇಳ್ಲಾ ಕಾಕಿ ಅಂದೆ." ಸಿಸ್ಟರು ಆಕಿ ದನಿ ತಗದ್ರು. ಹಂಗ ಇತ್ತು, ಆಕೀನ ಕುಂತಂಗ. "'ಬ್ಯಾಡ ತಂಗಿ, ನಾಕ ಸಾಕು. ಐದನೇ ದಿನಾನೂ ಅವರ ಕೈಯಾನ ರೊಟ್ಟಿ ತಿಂದ್ರ ಖರೇನ ಜಡ್ಡ ಬೀಳತೀನಿ.'"